ಮಾಮಾನ ಇಳಿಜಾರು, ಅಳಿಯನ ತೂಕ

ನನ್ನನ್ನು ಹುಬ್ಬಳ್ಳಿಗೆ ಮದುವೆ ಮಾಡಿ ಕೊಟ್ಟದ್ದಕ್ಕೆ ಕಾರಣ ಹುಡುಗನ ನೌಕರಿಯಲ್ಲ, ಮನೆತನವಲ್ಲ, ಕೂಡಿಬಂದ ಜಾತಕವೂ ಅಲ್ಲ. ಹುಬ್ಬಳ್ಳಿ ಧಾರವಾಡಕ್ಕಿಂತ ತಗ್ಗಿನಲ್ಲಿದೆ, ಅದಕ್ಕೆ. ನೀವು ನಗಬಹುದು. ನಮ್ಮ ಸೋದರಮಾವನನ್ನು ಬಲ್ಲವರು ನಗುವುದಿಲ್ಲ, ನಿಟ್ಟುಸಿರು ಬಿಡುತ್ತಾರೆ.

ಆಗ ನನ್ನನ್ನು ಎರಡು ಕಡೆಯಿಂದ ಕೇಳಿಕೊಂಡು ಬಂದಿದ್ದರು. ಒಂದು ಬೆಳಗಾವಿಯ ಸಂಬಂಧ, ಇನ್ನೊಂದು ಹುಬ್ಬಳ್ಳಿಯದು. ಎರಡೂ ಒಳ್ಳೆಯವೇ ಎಂದು ಗೊಂದಲಕ್ಕೆ ಬಿದ್ದ ಅವ್ವ ತನ್ನ ತಮ್ಮನನ್ನು, ಅಂದರೆ ನಮ್ಮ ಮಾಮಾನನ್ನು, ಅದೇ ಧಾರವಾಡದ ಮಾಳಮಡ್ಡಿಯಿಂದ ಕರೆಸಿದಳು. ಮಾಮಾ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು, ತೂಗಿ ಅಳೆದು ಮಾತಾಡುವವರು ಎಂದು ಊರಿನಲ್ಲಿ ಹೆಸರಿತ್ತು. ಅವರು ಚಹಾ ಕುಡಿದು, ಬಟ್ಟಲನ್ನು ಕೆಳಗಿಟ್ಟು, ಕಣ್ಣು ಮುಚ್ಚಿ ವಿಚಾರ ಮಾಡಿದರು.

"ಹುಬ್ಬಳ್ಳಿಗೆ ಕೊಡ್ರಿ."

"ಯಾಕ?" ಎಂದಳು ಅವ್ವ.

"ಇಲ್ಲಿಂದ ಹುಬ್ಬಳ್ಳಿಗೆ ಇಳಿಜಾರ ಐತಿ. ಗಾಡಿ ಬಂದ್ ಮಾಡಿ ಬಿಟ್ರೂ ಎಷ್ಟೋ ದಾರಿ ತಾನ ಹೊಕ್ಕೈತಿ. ಬೆಳಗಾಂವಿ ರಸ್ತಾದ ಮಾತ ತಗೀಬ್ಯಾಡ್ರಿ, ಬರೇ ಏರೋದು ಇಳಿಯೋದು."

ಅವ್ವ ತಮ್ಮನ ಮುಖವನ್ನೇ ನೋಡಿದಳು. "ನಾವು ಮಗಳನ್ನ ಕೊಡಾಕತ್ತೇವಿ ತಮ್ಮಾ, ನೀರಿನ ಪೈಪ್ ಹಾಕಸಾಕತ್ತಿಲ್ಲ."

ಸಂಬಂಧ ಹುಬ್ಬಳ್ಳಿಯದೇ ಕೂಡಿಬಂತು. ಅದಕ್ಕೆ ಬೇರೆ ಕಾರಣಗಳಿದ್ದವು, ಆದರೆ ಮಾಮಾ ಇವತ್ತಿಗೂ ಆ ಮದುವೆ ತಾವೇ ಮಾಡಿಸಿದ್ದು ಎಂದು ನಂಬಿದ್ದಾರೆ. ನನಗೂ ನಮ್ಮವರಿಗೂ ಜಗಳವಾದಾಗ ಅವ್ವ ಮೊದಲು ಬೈಯುವುದು ಅವರನ್ನೇ.

ಮಾಮಾನ ಹುಚ್ಚು ಏನೆಂದು ಬಿಡಿಸಿ ಹೇಳಬೇಕು. ಅವರ ಬಳಿ ಒಂದು ಹಳೆಯ ಬಿಳಿ ಕಾರಿದೆ. ಎಲ್ಲರ ಕಾರಿನಂತೆ ಅದೂ ಪೆಟ್ರೋಲ್ ಕುಡಿದೇ ಓಡುತ್ತದೆ. ಆದರೆ ಎದುರಿಗೆ ಒಂದಿಷ್ಟು ಇಳಿಜಾರು ಕಂಡರೆ ಸಾಕು, ಮಾಮಾ ಗೇರು ತಪ್ಪಿಸಿ ಎಂಜಿನ್ ಬಂದ್ ಮಾಡುತ್ತಾರೆ. ಗುರುಗುಡುತ್ತಿದ್ದ ಕಾರು ಒಮ್ಮೆಲೇ ಮೌನವಾಗುತ್ತದೆ. ಟಾಯರು ಡಾಂಬರಿನ ಮೇಲೆ ಸರಸರ ಹರಿಯುವ ಸದ್ದು, ಹಿಂದಿನಿಂದ ಬರುವವರ ಹಾರ್ನು, ಇಷ್ಟೇ ಕೇಳುವುದು. ಮಾಮಾನ ಮುಖದಲ್ಲಿ ಮಾತ್ರ ಗಾಯನ ಕಚೇರಿಯಲ್ಲಿ ಕೂತವರ ಕಳೆ. ಇಳಿಜಾರು ಮುಗಿದು ಸಮತಟ್ಟು ಬಂದರೂ ಅವರು ಚಾವಿ ತಿರುಗಿಸುವುದಿಲ್ಲ. ಗಾಡಿ ತಾನಾಗಿ ಎಲ್ಲಿಯತನಕ ಹೋಗುತ್ತದೋ ಅಲ್ಲಿಯತನಕ ಹೋಗಬೇಕು. ಕಡೆಗೆ ಅದು ಮುದುಕರ ವಾಯುವಿಹಾರದ ವೇಗಕ್ಕೆ ಬಂದು, ಸೈಕಲ್ಲಿನವರು ದಾಟಿ, ನಡೆದು ಹೋಗುವವರೂ ದಾಟಿ, ಒಳಗೆ ಯಾರಿಗೋ ಆರಾಮಿಲ್ಲ ಎಂದು ತಿಳಿದು ಬಗ್ಗಿ ನೋಡುತ್ತಾರೆ. ನಾವು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತೇವೆ.

ಜಿಪುಣತನ ಎಂದುಕೊಂಡಿರಾ? ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ಒಮ್ಮೆ ಹುಬ್ಬಳ್ಳಿಯ ದಾರಿಯಲ್ಲಿ ಸತ್ತೂರು ದಾಟಿದ ಮೇಲಿನ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ ಬಿಟ್ಟಾಗ ಅರ್ಧಕ್ಕೆ ಒಂದು ಆಕಳು ಅಡ್ಡ ಬಂತು. ಮಾಮಾ ಬ್ರೇಕು ಒತ್ತಬೇಕಾಯಿತು. ಆಕಳು ನಿಧಾನವಾಗಿ ದಾಟಿ ಹೋಯಿತು. ನಾವು ಮುಂದೆ ಹೋಗುತ್ತೇವೆ ಎಂದುಕೊಂಡರೆ, ಮಾಮಾ ಗಾಡಿ ಚಾಲೂ ಮಾಡಿ, ಮುಂದೆ ಸಿಕ್ಕ ತಿರುವಿನಲ್ಲಿ ಹೊರಳಿಸಿ, ಮತ್ತೆ ಸತ್ತೂರಿನತ್ತ ಏರು ಹತ್ತಿಸಿದರು. ನಾವು ಏನೋ ಮರೆತು ಬಂದಿರಬೇಕು ಎಂದು ನಮ್ಮವರು ಸೀಟಿನ ಕೆಳಗೆಲ್ಲ ಹುಡುಕಿದರು. ಮರೆತದ್ದು ಏನೂ ಇರಲಿಲ್ಲ. ಮಾಮಾ ಇಳಿಜಾರಿನ ತಲೆಗೆ ಬಂದು, ಮತ್ತೆ ಎಂಜಿನ್ ಬಂದ್ ಮಾಡಿ, "ಹಾಂ, ಈಗ ನೋಡ್ರಿ," ಎಂದರು. ಒಂದು ಲೋಟ ಪೆಟ್ರೋಲ್ ಉಳಿಸಲು ಒಂದು ಕೊಡ ಸುಡುವವರನ್ನು ಜಿಪುಣರೆಂದು ಹೇಗೆ ಕರೆಯುವುದು?

ಅವರ ಗುರಿ ಅದೇ ದಾರಿಯಲ್ಲಿ ಮುಂದೆ ಸಿಗುವ ರಾಯಾಪುರದ ಒಂದು ಬೇವಿನ ಮರ. ಇಳಿಜಾರಿನಲ್ಲಿ ಬಿಟ್ಟ ಗಾಡಿ ಮತ್ತೆ ಚಾಲೂ ಮಾಡದೆ ಆ ಮರವನ್ನು ದಾಟಬೇಕು. ಅದು ಯಾವ ಲೋಕಕಲ್ಯಾಣಕ್ಕೆ ಎಂದು ಕೇಳಬೇಡಿ. ನಾನು ಕೇಳಿದ್ದೆ. "ಎತ್ತರದಾಗ ಇದ್ದಾಗ ಗಾಡಿಗೆ ಏನ ಸಿಕ್ಕೈತಿ, ಅದನ್ನ ಪೂರಾ ಖರ್ಚ ಮಾಡಬೇಕವಾ. ನಡುವ ಬ್ರೇಕ್ ಒತ್ತಿ ಕಾಯಿಸಿ ಕಳಕೊಂಡ್ರ ಏನ ಬಂತು?" ಎಂದಿದ್ದರು. ಅದನ್ನು ಯಾರೋ ಅವಧೂತರು ಹೇಳಿದ್ದರೆ ಕಟ್ಟು ಹಾಕಿಸಿ ಗೋಡೆಗೆ ತೂಗಹಾಕುತ್ತಿದ್ದೆ. ಮಾಮಾ ಹೇಳಿದ್ದರಿಂದ ಬೆವರು ಒರೆಸಿಕೊಂಡೆ.

ಬೆವರು ಯಾಕೆಂದರೆ, ಗಾಡಿ ಉರುಳುವಾಗ ಕಿಡಕಿ ತೆಗೆಯುವ ಹಾಗಿಲ್ಲ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ, ಮೈಮೇಲೆ ರೇಷ್ಮೆ ಸೀರೆ, ಎಂಜಿನ್ ಬಂದ್ ಆದ್ದರಿಂದ ಎ.ಸಿ.ಯೂ ಬಂದ್. ನಾನು ಕಿಡಕಿಯ ಹಿಡಿಕೆಗೆ ಕೈ ಹಾಕಿದರೆ ಮುಂದಿನಿಂದ ಮಾಮಾನ ಧ್ವನಿ:

"ಕಿಡಕಿ ತಗೀಬ್ಯಾಡ. ಗಾಳಿ ಒಳಗ ಹೊಕ್ಕು ಗಾಡಿ ಹಿಡೀತೈತಿ."

"ಉಸಿರಾಡಾಕ ಗಾಳಿ ಬೇಕಲ್ರಿ ಮಾಮಾ."

"ಮರಾ ದಾಟಿದ ಮ್ಯಾಲೆ ಉಸಿರಾಡು."

ನನ್ನ ಪಕ್ಕದಲ್ಲಿ ಮಾಮಿ ಇರುತ್ತಿದ್ದರು. ಮಾಮಿ ಮೈಕೈ ತುಂಬಿಕೊಂಡ, ತಣ್ಣನೆಯ ಸ್ವಭಾವದ ಹೆಂಗಸು. ಮಾಮಾ ಕಡ್ಡಿಯಂತೆ, ಮಾಮಿ ಕಣಜದಂತೆ. ಅವರು ಮಡಚಿದ ಪೇಪರಿನಿಂದ ಒಮ್ಮೆ ತಮಗೆ, ಒಮ್ಮೆ ನನಗೆ ಗಾಳಿ ಹಾಕುತ್ತ, "ಇದೊಂದು ಅವರ ಪೂಜಿ ಅಂತ ತಿಳಕೊ ತಂಗಿ. ಗಂಟಿ ಬಾರಿಸೂ ಮಟಾ ಮಾತಾಡಬಾರದು," ಎನ್ನುತ್ತಿದ್ದರು. ಈ ಪೂಜೆಯನ್ನು ಅವರು ಮದುವೆಯಾದ ಹೊಸದರಲ್ಲಿ ಸೈಕಲ್ಲಿನ ಹಿಂದೆ ಕೂತು ನೋಡಿದವರು. ಆಮೇಲೆ ಸ್ಕೂಟರಿನ ಹಿಂದೆ. ಕಾರು ಬಂದಾಗ ಅವರಿಗೆ ಬಡ್ತಿ ಸಿಕ್ಕಂತಾಗಿ, ಒರಗಿಕೊಳ್ಳಲು ಬೆನ್ನಿಗೊಂದು ಸೀಟು ಸಿಕ್ಕಿತು.

ಇನ್ನು ನಮ್ಮವರ ವಿಷಯ. ನಮ್ಮವರು ಸ್ವಲ್ಪ ದಪ್ಪ. ಸ್ವಲ್ಪ ಎನ್ನುವುದು ಹೆಂಡತಿಯ ಮರ್ಯಾದೆಯ ಮಾತು. ಮದುವೆಯ ಚಪ್ಪರದಲ್ಲಿ ಎಲ್ಲರೂ ವರನ ಮುಖ ನೋಡಿದರೆ ಮಾಮಾ ಮೇಲಿನಿಂದ ಕೆಳಗಿನವರೆಗೆ ನೋಡಿ ಪ್ರಸನ್ನರಾಗಿದ್ದರು. ಮದುವೆಯಾಗಿ ಮೊದಲ ಸಲ ಧಾರವಾಡದಿಂದ ನಮ್ಮಿಬ್ಬರನ್ನೂ ಹುಬ್ಬಳ್ಳಿಗೆ ಬಿಡಲು ಬಂದ ದಿನ, ಅವರನ್ನು ಕೈಹಿಡಿದು ಮುಂದಿನ ಸೀಟಿಗೆ ಕರೆದೊಯ್ದರು. "ಬರ್ರಿ ಅಳಿಯಂದ್ರ, ಮುಂದ ಕುಂದರ್ರಿ. ಆರಾಮ ಕುಂದರ್ರಿ." ಇಷ್ಟು ಗೌರವ ಎಲ್ಲಿಯೂ ಕಾಣದ ನಮ್ಮವರು ಕರಗಿಹೋದರು. ಆ ದಿನ ಗಾಡಿ ಬೇವಿನ ಮರದ ಬುಡದವರೆಗೆ ಹೋಯಿತು. ಅಲ್ಲಿಯವರೆಗೆ ಅದು ಮರವನ್ನು ದೂರದಿಂದ ನೋಡಿ ನಿಲ್ಲುತ್ತಿತ್ತು.

ಅಂದಿನಿಂದ ಮಾಮಾನ ಪಾಠಕ್ಕೆ ಹೊಸ ಅಧ್ಯಾಯ ಸೇರಿತು. "ಹತ್ತಿ ಅರಳಿ ಉಂಡಿ ಒಗದ್ರ ಎಷ್ಟ ದೂರ ಹೊಕ್ಕೈತಿ? ಅಷ್ಟ ದೊಡ್ಡದೊಂದ ಕಲ್ಲ ಒಗದ್ರ ಎಷ್ಟ ಹೊಕ್ಕೈತಿ? ಗಾಳಿ ಎರಡನ್ನೂ ಒಂದ ನಮೂನಿ ತಡೀತೈತಿ. ಅರಳಿ ಲಗೂ ಸೋಲತೈತಿ, ಕಲ್ಲ ಸೋಲೂದಿಲ್ಲ."

"ವಜ್ಜಾ ಇದ್ರ ಟಾಯರ್ ರಸ್ತಾಕ್ಕ ಜಾಸ್ತಿ ಒತ್ತೂದಿಲ್ಲೇನ್ರಿ?" ಎಂದರು ನಮ್ಮವರು, ಆ ಭಾರದ ಕಲ್ಲಿನ ಸ್ಥಾನ ಯಾರದೆಂದು ಇನ್ನೂ ತಿಳಿಯದೆ.

"ಒತ್ತತೈತಿ. ಆದ್ರ ವಜ್ಜಾ ಎಷ್ಟ ಒತ್ತತೈತಿ, ಅಷ್ಟ ಮುಂದಕ್ಕೂ ನೂಕತೈತಿ. ಆ ಲೆಕ್ಕ ಅಲ್ಲಿಗಲ್ಲಿಗೆ ಸರಿ ಹೋತು. ಉಳಿದದ್ದು ಗಾಳಿ. ಅದರ ಮುಂದ ಗೆಲ್ಲಾಕ ನಿಮ್ಮಂಥವರು ಬೇಕು."

ಒಂದು ಸೀಮಂತದ ಮನೆಯಲ್ಲಿ ತುಂಬಿದ ಪಡಸಾಲೆಯ ನಡುವೆ ಮಾಮಾ ನಮ್ಮವರನ್ನು ತಮ್ಮ ಹಳೆಯ ಸಹೋದ್ಯೋಗಿಗಳಿಗೆ ಪರಿಚಯಿಸಿದ್ದು ಹೀಗೆ: "ಇವರು ನಮ್ಮ ಅಳಿಯಂದ್ರು. ಇವರಿದ್ರ ಗಾಡಿ ಬೇವಿನ ಮರಾ ಮುಟ್ಟತೈತಿ." ನಮ್ಮವರು ಸರ್ಕಾರಿ ಕಚೇರಿಯಲ್ಲಿ ಒಂದು ವಿಭಾಗವನ್ನೇ ನೋಡಿಕೊಳ್ಳುವವರು. ಆ ವಿಷಯ ಯಾರಿಗೂ ತಿಳಿಯಲಿಲ್ಲ.

ಹೀಗಿರುವಾಗ ಡಾಕ್ಟರು ನಮ್ಮವರಿಗೆ ತೂಕ ಇಳಿಸಿರಿ ಎಂದರು. ನಮ್ಮವರು ಮರ್ಯಾದೆಯಿಂದ ಬೆಳಿಗ್ಗೆದ್ದು ಉಣಕಲ್ ಕೆರೆಯ ದಂಡೆಯಲ್ಲಿ ನಡೆಯತೊಡಗಿದರು. ಸಕ್ಕರೆ ಬಿಟ್ಟರು, ಮಿರ್ಚಿ ಭಜಿ ಬಿಟ್ಟರು, ಗಿರ್ಮಿಟ್ಟಿನ ಗಾಡಿ ಕಂಡರೆ ರಸ್ತೆಯ ಆಚೆ ಬದಿಗೆ ಹೋದರು. ಪ್ಯಾಂಟುಗಳೆಲ್ಲ ಸಡಿಲಾದವು. ನಾನು ಖುಷಿಯಿಂದ ಬೀಗುತ್ತಿದ್ದೆ. ಅಷ್ಟರಲ್ಲಿ ಮಾಮಾ ನಮ್ಮನ್ನು ಹಬ್ಬಕ್ಕೆ ಧಾರವಾಡಕ್ಕೆ ಕರೆದರು. ಬಾಗಿಲಲ್ಲಿ ನಮ್ಮವರನ್ನು ಕಂಡವರೇ ಮುಖ ಸಣ್ಣದು ಮಾಡಿಕೊಂಡರು.

"ಏನಾತ್ರಿ ಅಳಿಯಂದ್ರ? ಮೈಯಾಗ ಆರಾಮ ಇಲ್ಲೇನು?"

"ಆರಾಮ ಇದ್ದೇನ್ರಿ. ತೂಕ ಇಳಿಸೇನಿ."

"ಯಾಕ?" ಎಂದರು ಮಾಮಾ. ಮನೆ ಮಾರಿದೆ ಎಂದವನನ್ನು ಕೇಳುವ ಧ್ವನಿ ಅದು.

ಮರಳುವ ದಾರಿಯಲ್ಲಿ ಗಾಡಿ ಮರಕ್ಕೆ ಎಷ್ಟೋ ಹಿಂದೆ ನಿಂತುಬಿಟ್ಟಿತು. ಮಾಮಾ ಸ್ಟೇರಿಂಗಿನ ಮೇಲೆ ಕೈಯಿಟ್ಟು ದೂರದ ಮರವನ್ನು ನೋಡಿದರು. ಆಮೇಲೆ ನಮ್ಮವರತ್ತ ಹೊರಳಿ, ಫೇಲಾದ ಹುಡುಗನಿಗೆ ಸಮಾಧಾನ ಹೇಳುವಂತೆ ತೊಡೆ ತಟ್ಟಿ, "ಇರಲಿ ಬಿಡ್ರಿ," ಎಂದರು. ನಮ್ಮವರು ಅಪರಾಧಿಯಂತೆ ತಲೆ ತಗ್ಗಿಸಿದರು. ನನ್ನ ಗಂಡ ತೆಳ್ಳಗಾದದ್ದಕ್ಕೆ ನನ್ನ ಗಂಡನೇ ಕ್ಷಮೆ ಕೇಳುವ ಸ್ಥಿತಿ ಬಂತಲ್ಲ ಎಂದು ನನಗೆ ಸಿಟ್ಟು ಬಂದು, ಕಿಡಕಿ ಪೂರ್ತಿ ಇಳಿಸಿಬಿಟ್ಟೆ.

ಮುಂದಿನ ಸಲ ಮಾಮಾ ನಮ್ಮ ಮನೆಗೆ ಬಂದಾಗ ಗಾಡಿಯ ಡಿಕ್ಕಿಯಲ್ಲಿ ಒಂದು ಜೋಳದ ಚೀಲವಿತ್ತು. "ನಿಮಗ ತಂದೇನಿ," ಎಂದರು. ಎಂಥ ಪ್ರೀತಿ ಎಂದು ನನ್ನ ಕಣ್ಣು ಒದ್ದೆಯಾಯಿತು. ಅದರ ಮುಂದಿನ ಸಲವೂ ಒಂದು ಚೀಲ. ಮತ್ತೆ ಮುಂದಿನ ಸಲವೂ. ಅಡುಗೆಮನೆ ತುಂಬಿತು, ಮಂಚದ ಕೆಳಗೆ ತುಂಬಿತು, ದೇವರ ಜಗಲಿಯ ಪಕ್ಕ ಒಂದು ಚೀಲ ಭಕ್ತನಂತೆ ಕೂತಿತು. ಕಡೆಗೆ ಮಾಮಿಯೇ ಗುಟ್ಟು ಬಿಟ್ಟರು. ಅಳಿಯನಲ್ಲಿ ಕಡಿಮೆಯಾದ ಭಾರವನ್ನು ಮಾಮಾ ಜೋಳದಿಂದ ತುಂಬಿಕೊಳ್ಳುತ್ತಿದ್ದರು. ತಿರುಗಿ ಧಾರವಾಡದ ಏರಿಗೆ ಭಾರ ಬೇಡ ಎಂದು ಚೀಲ ನಮ್ಮಲ್ಲಿ ಇಳಿಸಿ ಹೋಗುತ್ತಿದ್ದರು.

"ಮಾಮಾ, ಇಲ್ಲೇ ಅಮರಗೋಳದ ಪ್ಯಾಟ್ಯಾಗ ಊರಿಗೆ ಊರ ಜೋಳಾ ಕೊಳ್ಳತೈತಿ. ನೀವು ಧಾರವಾಡದಿಂದ ಹೊತ್ತುಕೊಂಡ ಬರತೀರಲ್ಲ," ಎಂದೆ ನಾನು.

"ಅಮರಗೋಳದ ಜೋಳಾ ಇಳಿಜಾರಿನ್ಯಾಗ ಬಂದಿಲ್ಲಲ್ಲವಾ," ಎಂದರು ಮಾಮಾ.

ಇಷ್ಟು ಜೋಳವನ್ನು ಏನು ಮಾಡುವುದು? ರೊಟ್ಟಿ ಬಡಿದೆ. ಬೆಳಿಗ್ಗೆ ರೊಟ್ಟಿ, ಸಂಜೆ ರೊಟ್ಟಿ, ನಡುವೆ ಜೋಳದ ನುಚ್ಚು. ಕೆರೆಯ ದಂಡೆಯಲ್ಲಿ ನಡೆದು ಬಂದ ಹಸಿವು, ಬೆಣ್ಣೆ ಹಚ್ಚಿದ ಬಿಸಿ ರೊಟ್ಟಿ, ಶೇಂಗಾ ಚಟ್ನಿ. ನಮ್ಮವರ ಪ್ಯಾಂಟುಗಳು ನಿಧಾನಕ್ಕೆ ಮೊದಲಿನಂತೆ ಬಿಗಿಯಾದವು. ಮಾಮಾ ಬಂದು ನೋಡಿದವರೇ, "ಅಳಿಯಂದ್ರು ದಿನಾ ಛಲೋ ಆಗಾಕತ್ತಾರ," ಎಂದು ನನ್ನ ಕೈರುಚಿಯನ್ನು ಹೊಗಳಿದರು.

ಆಮೇಲೆ ಆ ದಿನ ಬಂತು. ಧಾರವಾಡದಲ್ಲಿ ಒಂದು ತೊಟ್ಟಿಲ ಕಾರ್ಯ ಮುಗಿಸಿ ನಾವು ಹುಬ್ಬಳ್ಳಿಗೆ ಹೊರಟಿದ್ದೆವು. ಮಾಮಾ, ಮುಂದೆ ಪೂರ್ಣ ಪ್ರಮಾಣಕ್ಕೆ ಮರಳಿದ ನಮ್ಮವರು, ಹಿಂದೆ ನಾನು ಮತ್ತು ಮಾಮಿ, ಡಿಕ್ಕಿಯಲ್ಲಿ ರೂಢಿಯ ಚೀಲ. ಟಾಯರಿಗೆ ಅದೇ ಬೆಳಿಗ್ಗೆ ಬಿಗಿಯಾಗಿ ಗಾಳಿ ತುಂಬಿಸಿದ್ದರಂತೆ. ಸತ್ತೂರು ದಾಟಿ ಎಂಜಿನ್ ಬಂದ್ ಮಾಡಿದಾಗ ಗಾಡಿ ಎಂದಿಲ್ಲದ ವೇಗದಲ್ಲಿ ಹರಿಯಿತು. ಇಳಿಜಾರು ಮುಗಿದರೂ ಓಟ ಕುಗ್ಗಲಿಲ್ಲ. ಬೇವಿನ ಮರ ಎದುರಿಗೆ ಕಂಡಿತು, ದೊಡ್ಡದಾಯಿತು, ಪಕ್ಕಕ್ಕೆ ಬಂತು, ಹಿಂದೆ ಹೋಯಿತು.  ಕನ್ನಡಿಯಲ್ಲಿ ಮಾಮಾನ ಕಣ್ಣುಗಳು ಮಾತ್ರ ಕಾಣುತ್ತಿದ್ದವು, ಅವು ಹಿಂದೆ ಸರಿಯುತ್ತಿದ್ದ ಆ ಮರವನ್ನೇ ನೋಡುತ್ತಿದ್ದವು. ತೊಂದರೆಯಾದದ್ದು ಅಲ್ಲಿಯೇ.

ಮುಂದೆ ಕಬ್ಬು ಹೇರಿದ ಒಂದು ಟ್ರ್ಯಾಕ್ಟರು ಅಡ್ಡರಸ್ತೆಯಿಂದ ನಿಧಾನವಾಗಿ ಮುಖ್ಯ ರಸ್ತೆಗೆ ಬರುತ್ತಿತ್ತು. "ಮಾಮಾರ, ಬ್ರೇಕ್," ಎಂದರು ನಮ್ಮವರು. ಮಾಮಾ ಒತ್ತಿದರು. ಎಂಜಿನ್ ಬಂದ್ ಇದ್ದಾಗ ಬ್ರೇಕು ಕಲ್ಲಿನಂತೆ ಗಟ್ಟಿಯಾಗುತ್ತದೆ. ಎಂದಿನ ಕಾಲು ಸಾಲುವುದಿಲ್ಲ. ಎರಡೂ ಕಾಲು ಇಟ್ಟು ನಿಂತಂತೆ ಒತ್ತಿದರು. ಮುಂದಕ್ಕೆ ಒಯ್ಯಲು ಅಷ್ಟು ನೆರವಾದ ಭಾರವೆಲ್ಲ ಈಗ ನಿಲ್ಲಿಸಲು ಅಡ್ಡ ನಿಂತಿತು. ಮಾಮಾ ಸ್ಟೇರಿಂಗನ್ನು ಎಡಕ್ಕೆ ಎಳೆದರು. ಗಾಡಿ ರಸ್ತೆ ಬಿಟ್ಟು ಇಳಿದು, ಯಾರೋ ಮನೆ ಕಟ್ಟಲು ತಂದು ಸುರಿದ ಉಸುಕಿನ ರಾಶಿಗೆ ಮೂತಿ ಹುದುಗಿಸಿ ನಿಂತಿತು.

 ನನಗೆ ಏನೂ ಆಗಿರಲಿಲ್ಲ. ನಮ್ಮವರ ಹಣೆ ತುಸು ತರಚಿತ್ತು. ಮಾಮಾ ಹಿಂದೆ ಹೊರಳಿದರು. ಮಾಮಿಯ ಬಲಗಾಲು ಮುಂದಿನ ಸೀಟಿನ ಅಡಿಯಲ್ಲಿ ಸಿಕ್ಕಿಕೊಂಡು ತಿರುಚಿತ್ತು. ಅವರು ತುಟಿ ಕಚ್ಚಿಕೊಂಡು, "ಏನಿಲ್ರಿ, ಕಾಲ ಸ್ವಲ್ಪ ಹೊಳ್ಳಿದಂಗ ಆಗೇತಿ," ಎಂದರು. ಇಳಿಯಲು ಹೋದವರು ನೆಲಕ್ಕೆ ಕಾಲೂರಲಾಗದೆ ಮತ್ತೆ ಕೂತರು.

ನನ್ನಲ್ಲಿ ಇಷ್ಟು ವರ್ಷ ತುಂಬಿದ್ದೆಲ್ಲ ಅಲ್ಲಿಯೇ ಹೊರಗೆ ಬಂತು. "ಸಾಕಾತಿಲ್ರಿ ಮಾಮಾ? ಮರಾ ದಾಟಿತಲ್ಲ, ಸಮಾಧಾನ ಆತಿಲ್ಲ? ಇನ್ನ ಈ ಗಾಡಿ ನೀವು ಮುಟ್ಟಬ್ಯಾಡ್ರಿ," ಎಂದೆ. ಸುತ್ತ ಜನ ಸೇರಿದ್ದರು. ಏನಾದರೂ ತರ್ಕ ಹೇಳುತ್ತಾರೆ ಎಂದು ಕಾದೆ. ಮಾಮಾ ಚಾವಿಯನ್ನು ಕಿತ್ತು ನಮ್ಮವರ ಅಂಗೈಯಲ್ಲಿಟ್ಟರು. ಅವರ ಬೆರಳು ತಣ್ಣಗಿದ್ದವು ಎಂದು ನಮ್ಮವರು ಆಮೇಲೆ ಹೇಳಿದರು.

ಮಾಮಿಯ ಹಿಮ್ಮಡಿಯ ಮೇಲಿನ ಎಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ಆಪರೇಶನ್ ಮಾಡಿ, ಪಟ್ಟಿ ಕಟ್ಟಿ, ಕೆಲವು ದಿನ ಇಟ್ಟುಕೊಂಡರು. ಮಾಮಾ ಅಲ್ಲಿಯೇ ಇದ್ದರು. ನಾನು ದಿನವೂ ಬುತ್ತಿ ಒಯ್ಯುತ್ತಿದ್ದೆ. ಸಿಟ್ಟು ಇಳಿದಿರಲಿಲ್ಲ, ಡಬ್ಬಿಯನ್ನು ಟೇಬಲ್ ಮೇಲೆ ಕುಟ್ಟಿ ಇಡುತ್ತಿದ್ದೆ. ಮಾಮಾ ಪಾಠ ಹೇಳುವುದಿರಲಿ, ಮಾತೇ ಆಡುತ್ತಿರಲಿಲ್ಲ. ಮಾಮಿಗೆ ಉಣ್ಣಿಸಿದ ಮೇಲೆ ತಾವು ಉಂಡು, ಡಬ್ಬಿ ತೊಳೆದು, ಮಗುಚಿ ಇಟ್ಟು, ಕುರ್ಚಿಯಲ್ಲಿ ಕೂರುತ್ತಿದ್ದರು. ಮಾಮಿಯೇ ನನ್ನನ್ನು ಬಗ್ಗಿಸಿ ಕಿವಿಯಲ್ಲಿ, "ಅವರನ್ನ ಏನರೇ ಒಂದ ಕೇಳ ತಂಗಿ. ಇಷ್ಟ ಗಪ್ಪ ಕುಂತ್ರ ನನಗ ಕಾಲಿನಕಿಂತ ಅದ ಜಾಸ್ತಿ ನೋಯಾಕತ್ತೈತಿ," ಎಂದರು. ನಾನು ಏನೂ ಕೇಳಲಿಲ್ಲ. ನನಗೂ ಹಟವಿತ್ತು.

ಮನೆಗೆ ಬಿಡುವ ದಿನ ಬೆಳಿಗ್ಗೆ ನಾನೂ ನಮ್ಮವರೂ ಹೋದೆವು. ಲಿಫ್ಟು ಕೆಟ್ಟಿತ್ತು. ಮೇಲಿನ ಮಹಡಿಯಿಂದ ಕೆಳಗೆ ಬರಲು ಗಾಲಿಕುರ್ಚಿಗೆಂದು ಇಳಿಜಾರಿನ ಉದ್ದನೆಯ ದಾರಿಯಿತ್ತು, ನುಣುಪು ನೆಲದ್ದು. ಆಸ್ಪತ್ರೆಯ ಹೆಣ್ಣುಮಗಳೊಬ್ಬಳು ಕುರ್ಚಿ ತಳ್ಳಲು ಬಂದಳು. "ನಾ ಒಯ್ತೇನಿ," ಎಂದರು ಮಾಮಾ. ನಮ್ಮವರು ಮುಂದೆ ಹೋಗಿ, "ಮಾಮಾರ, ನಿಮಗ ಆಗೂದಿಲ್ಲ, ನನಗ ಕೊಡ್ರಿ," ಎಂದರು. ಮಾಮಾ ಹಿಡಿಕೆ ಬಿಡಲಿಲ್ಲ.

ಆಮೇಲೆ ಅವರು ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿದರು. ಮಾಮಿಯ ಮುಖ ಏರಿನತ್ತ, ತಾವು ಹಿಂದೆ, ಇಳಿಜಾರಿನ ಕೆಳಗೆ. ಚಪ್ಪಲಿ ಜಾರಬಾರದೆಂದು ಬಿಚ್ಚಿ ನನ್ನ ಕೈಗೆ ಕೊಟ್ಟರು. ಬರಿಗಾಲನ್ನು ನೆಲಕ್ಕೆ ಊರಿ, ಎದೆಯನ್ನು ಕುರ್ಚಿಯ ಬೆನ್ನಿಗೆ ಆನಿಸಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಇಳಿಯತೊಡಗಿದರು. ಆ ಕಡ್ಡಿಯಂಥ ಮೈ ನಡುಗುತ್ತಿತ್ತು. ಕುತ್ತಿಗೆಯ ನರಗಳು ಉಬ್ಬಿದ್ದವು. ಗಾಲಿ ಒಂದಿಷ್ಟು ಜಾರಿದರೂ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಒಂದು ಹೆಜ್ಜೆ. ಒಂದು ಇಳಿಜಾರನ್ನು ಅವರು ಅಷ್ಟು ನಿಧಾನವಾಗಿ ಇಳಿದದ್ದನ್ನು ನಾನು ಕಂಡಿರಲಿಲ್ಲ. ನಮ್ಮವರು ಪಕ್ಕದಲ್ಲಿ ಕೈ ಚಾಚಿಕೊಂಡು ನಡೆದರು. ನಾನು ಚಪ್ಪಲಿ ಹಿಡಿದು ಹಿಂದೆ ನಡೆದೆ.

ನಡುದಾರಿಯಲ್ಲಿ ಮಾಮಿ, ಹಿಂದಿದ್ದ ಗಂಡನ ಮುಖ ಕಾಣದೆ, ಮೆಲ್ಲಗೆ ಕೇಳಿದರು. "ನಾ ಭಾಳ ವಜ್ಜಾ ಆಕ್ಕೇನೇನ್ರಿ?"

ಮಾಮಾ ಉಸಿರು ಕೂಡಿಸಿಕೊಂಡರು. ಬೆವರು ಅವರ ಮೂಗಿನ ತುದಿಯಿಂದ ಮಾಮಿಯ ಹೆಗಲ ಮೇಲೆ ಬಿತ್ತು.

"ಇಲ್ಲ," ಎಂದರು. "ಏನೂ ವಜ್ಜಾ ಇಲ್ಲ. ಹಗರ ಅದಿ."

ಮಾಮಿ ಹೆಗಲ ಮೇಲಿನಿಂದ ಕೈಯನ್ನು ಹಿಂದಕ್ಕೆ ಚಾಚಿ, ಹುಡುಕಿ, ಹಿಡಿಕೆಯ ಮೇಲಿದ್ದ ಅವರ ಬೆರಳುಗಳನ್ನು ಮುಟ್ಟಿದರು. ನಾನು ಚಪ್ಪಲಿಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮುಂದೆ ಹೋಗಿ ಕುರ್ಚಿಯ ಇನ್ನೊಂದು ಬದಿಯನ್ನು ಹಿಡಿದೆ. ಮಾಮಾ ನನ್ನತ್ತ ನೋಡಿದರು, ಬೇಡ ಎನ್ನಲಿಲ್ಲ. ನೆಲ ಸಮವಾಗಿ, ಬಾಗಿಲ ಹೊರಗಿನ ಬಿಸಿಲು ಕಾಲಿಗೆ ತಾಗುವವರೆಗೂ ನಾವು ಹಾಗೆಯೇ ನಡೆದೆವು.